ಸ್ಪಿಟ್‌ಫೈರ್ ಏರಿದ ಗಂಡಭೇರುಂಡ

ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್‌ನ ಪ್ರತಿ ಸ್ಕ್ವಾಡ್ರನ್ನಿಗೂ ಅದರದೇ ಆದ ಲಾಂಛನವಿರುತ್ತದೆ. ಮೇಲೆ ಕಿರೀಟ, ಸುತ್ತ ದುಂಡನೆಯ ಪಟ್ಟಿ, ಕೆಳಗೆ ಧ್ಯೇಯವಾಕ್ಯ, ನಡುವೆ ಆ ಸ್ಕ್ವಾಡ್ರನ್ನಿನ ಗುರುತು. ಹದ್ದು, ಸಿಂಹ, ಕತ್ತಿ, ಹಾವು ಎಲ್ಲವೂ ಈ ಸಾಲಿನಲ್ಲಿವೆ. ಇವನ್ನೆಲ್ಲ ದಾಟಿ 129ನೇ ಸ್ಕ್ವಾಡ್ರನ್ನಿನ ಲಾಂಛನಕ್ಕೆ ಬಂದಾಗ ಕನ್ನಡಿಗರ ಕಣ್ಣು ತಾನಾಗಿಯೇ ನಿಲ್ಲುತ್ತದೆ. ಅಲ್ಲಿರುವುದು ಎರಡು ತಲೆಯ ಗಂಡಭೇರುಂಡ. ಕರ್ನಾಟಕ ಸರ್ಕಾರದ ಕಾಗದಪತ್ರಗಳ ಮೇಲೆ, ಸಾರಿಗೆ ಸಂಸ್ಥೆಯ ಬಸ್ಸುಗಳ ಮೇಲೆ ನಾವು ದಿನವೂ ನೋಡುವ ಅದೇ ಹಕ್ಕಿ.

ಈ ಸ್ಕ್ವಾಡ್ರನ್ನಿನ ಪೂರ್ತಿ ಹೆಸರು 129 ಮೈಸೂರು ಸ್ಕ್ವಾಡ್ರನ್. ಎರಡನೆಯ ಮಹಾಯುದ್ಧದಲ್ಲಿ ಅದು ಇಂಗ್ಲಿಷ್ ಕಾಲುವೆಯ ಮೇಲೆ ಸ್ಪಿಟ್‌ಫೈರ್‌ಗಳನ್ನು ಹಾರಿಸಿತು. ಬ್ರಿಟಿಷ್ ಯುದ್ಧವಿಮಾನಗಳ ಹಳೆಯ ಚಿತ್ರಗಳೆಂದರೆ ಎಲ್ಲಿಯೋ ನಡೆದ, ನಮಗೆ ಸಂಬಂಧವಿಲ್ಲದ ಕಥೆ ಎಂದು ಪುಟ ತಿರುವುವವರೇ ಹೆಚ್ಚು. ಸ್ವಲ್ಪ ನಿಂತು ಅಕ್ಷರ, ಅಂಕಿ, ಬಣ್ಣಗಳನ್ನು ಗಮನಿಸಿದರೆ ಆ ಚಿತ್ರಗಳಲ್ಲಿ ನಮ್ಮ ನೆಲದ ಹಣ, ನಮ್ಮ ಲಾಂಛನ, ನಮ್ಮವರ ದುಡಿಮೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

ಬಳ್ಳಿಗಾವಿಯ ಕಂಬದಿಂದ

ಗಂಡಭೇರುಂಡ ಮೈಸೂರು ಅರಸರ ಲಾಂಛನವೆಂದೇ ಹೆಸರಾದರೂ ಅದರ ಬೇರು ಶಿವಮೊಗ್ಗ ಜಿಲ್ಲೆಯ ಮಣ್ಣಿನಲ್ಲೂ ಆಳವಾಗಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಭೇರುಂಡೇಶ್ವರ ಸ್ತಂಭವಿದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಬನವಾಸಿಯನ್ನು ಆಳುತ್ತಿದ್ದ ಚಾವುಂಡರಾಯರಸ 1047ರಲ್ಲಿ ಅದನ್ನು ನಿಲ್ಲಿಸಿದ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ ಇರುವ ಭೇರುಂಡದ ವಿಗ್ರಹ ಅದಕ್ಕೆ ಸೇರಿದ್ದು. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ರಾಮೇಶ್ವರ ದೇವಾಲಯದ ಛಾವಣಿಯಲ್ಲೂ ಗಂಡಭೇರುಂಡದ ಕೆತ್ತನೆಯಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೆ ಅದು ಮೂಡಿತು. ಮುಂದೆ ಮೈಸೂರಿನ ಒಡೆಯರು ಅದನ್ನು ರಾಜಲಾಂಛನವಾಗಿಸಿಕೊಂಡರು. ಶಿವಮೊಗ್ಗ, ಭದ್ರಾವತಿಗಳು ಆಗ ಮೈಸೂರು ಸಂಸ್ಥಾನದೊಳಗೇ ಇದ್ದ ಊರುಗಳು.

ಆ ಹಕ್ಕಿ ಯುದ್ಧವಿಮಾನದವರೆಗೆ ಹೋದದ್ದು ಹಣದ ದಾರಿಯಲ್ಲಿ. 1940ರಲ್ಲಿ ಜರ್ಮನಿಯ ವಾಯುದಾಳಿ ಬ್ರಿಟನ್ನನ್ನು ನಡುಗಿಸುತ್ತಿದ್ದಾಗ ವಿಮಾನ ಉತ್ಪಾದನೆಯ ಮಂತ್ರಿ ಲಾರ್ಡ್ ಬೀವರ್‌ಬ್ರೂಕ್ ಜನರಿಂದ ಚಂದಾ ಎತ್ತುವ ಯೋಜನೆಗೆ ಒತ್ತುಕೊಟ್ಟರು. ಒಂದು ಸ್ಪಿಟ್‌ಫೈರ್‌ಗೆ 5,000 ಪೌಂಡ್ ಎಂದು ಬೆಲೆ ಕಟ್ಟಲಾಯಿತು. ನಿಜವಾದ ವೆಚ್ಚ ಅದಕ್ಕಿಂತ ಬಹಳ ಹೆಚ್ಚಿತ್ತು. ಆದರೆ ಜನರ ಬಾಯಲ್ಲಿ ಉಳಿಯುವಂಥ ಒಂದು ಅಂಕಿ ಬೇಕಿತ್ತು. ಆಗ ರೂಪಾಯಿಗೆ 18 ಪೆನ್ಸ್‌ನ ವಿನಿಮಯ ದರ. ಆ ಲೆಕ್ಕದಲ್ಲಿ ಒಂದು ಸ್ಪಿಟ್‌ಫೈರ್ ಎಂದರೆ ಸುಮಾರು 66,700 ರೂಪಾಯಿ. ಅಷ್ಟು ಕೊಟ್ಟ ಊರು, ಸಂಘ, ಸಂಸ್ಥಾನ ಹೇಳಿದ ಹೆಸರನ್ನು ವಿಮಾನದ ಮೈಮೇಲೆ ಹಳದಿ ಅಕ್ಷರದಲ್ಲಿ ಬರೆಯುತ್ತಿದ್ದರು. ದೊಡ್ಡ ಮೊತ್ತ ಕೊಟ್ಟವರ ಹೆಸರು ಇಡೀ ಸ್ಕ್ವಾಡ್ರನ್ನಿಗೇ ಸಲ್ಲುತ್ತಿತ್ತು.

ನಾಲ್ವಡಿ ಕೃಷ್ಣರಾಜ ಒಡೆಯರು 1940ರ ಆಗಸ್ಟ್ 3ರಂದು ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಮೈಸೂರಿನ ದೇಣಿಗೆಯ ನೆನಪಿಗಾಗಿ 1941ರ ಜೂನಿನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಮರುಹುಟ್ಟು ಪಡೆದ 129ನೇ ಸ್ಕ್ವಾಡ್ರನ್ನಿಗೆ ಮೈಸೂರಿನ ಹೆಸರಿಟ್ಟರು. ಲಾಂಛನಕ್ಕೆ ಗಂಡಭೇರುಂಡ ಬಂತು.

ಮೈಸೂರು ಒಂದೇ ಅಲ್ಲ. ಆ ಕಾಲದ ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಕಲಬುರಗಿ, ಬೀದರ್, ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದವು. ಮಂಗಳೂರು, ಬಳ್ಳಾರಿಗಳು ಮದರಾಸಿನ ಕೈಯಲ್ಲಿದ್ದವು. ರಾಯಲ್ ಏರ್‌ಫೋರ್ಸ್‌ನ ಪಟ್ಟಿಯಲ್ಲಿ 110, 152, 253ನೇ ಸ್ಕ್ವಾಡ್ರನ್ನುಗಳಿಗೆ ಹೈದರಾಬಾದಿನ ಹೆಸರು, 122 ಮತ್ತು 132ಕ್ಕೆ ಬೊಂಬಾಯಿಯ ಹೆಸರು, 234 ಮತ್ತು 264ಕ್ಕೆ ಮದರಾಸ್ ಪ್ರೆಸಿಡೆನ್ಸಿಯ ಹೆಸರು. ಕೊಡಗೊಂದನ್ನು ಬಿಟ್ಟರೆ ಇಂದಿನ ಕರ್ನಾಟಕದ ಬಹುಪಾಲು ನೆಲ ಒಂದಲ್ಲ ಒಂದು ಹೆಸರಿನಡಿ ಬ್ರಿಟಿಷ್ ವಿಮಾನದ ಮೇಲೆ ಹಾರಿದೆ.

ಹಳೆಯ ಚಿತ್ರ ಓದುವ ಬಗೆ

ಯುದ್ಧಕಾಲದ ವಿಮಾನದ ಚಿತ್ರವೊಂದು ಕೈಗೆ ಬಂದರೆ ಮೊದಲು ನೋಡಬೇಕಾದದ್ದು ಅದರ ಪಕ್ಕೆಯನ್ನು. ಅಲ್ಲಿ ಬಣ್ಣದ ವೃತ್ತವೊಂದಿರುತ್ತದೆ. ವೃತ್ತದ ಒಂದು ಬದಿಗೆ ಎರಡು ಅಕ್ಷರ, ಇನ್ನೊಂದು ಬದಿಗೆ ಒಂದು ಅಕ್ಷರ. ಜೋಡಿ ಅಕ್ಷರ ಸ್ಕ್ವಾಡ್ರನ್ನಿನ ಗುರುತು, ಒಂಟಿ ಅಕ್ಷರ ಆ ವಿಮಾನದ್ದು. ಮೈಸೂರು ಸ್ಕ್ವಾಡ್ರನ್ನಿನ ಜೋಡಿ ಅಕ್ಷರ 'ಡಿ' ಮತ್ತು 'ವಿ'. ಬಾಲದ ಹತ್ತಿರ ಸಣ್ಣದಾಗಿ ಬರೆದಿರುವ ಅಕ್ಷರ, ಅಂಕಿಗಳ ಸಾಲು ವಿಮಾನದ ಕ್ರಮಸಂಖ್ಯೆ. ಸ್ಕ್ವಾಡ್ರನ್ ಬದಲಾದರೆ ಪಕ್ಕೆಯ ದೊಡ್ಡ ಅಕ್ಷರಗಳು ಬದಲಾಗುತ್ತವೆ, ಕ್ರಮಸಂಖ್ಯೆ ಕಡೆಯವರೆಗೂ ಅದೇ. ಒಂದು ವಿಮಾನ ಎಲ್ಲಿ ತಯಾರಾಯಿತು, ಎಲ್ಲೆಲ್ಲಿ ಹಾರಿತು, ಎಲ್ಲಿ ಬಿತ್ತು ಎಂಬುದನ್ನು ಸಂಶೋಧಕರು ಹುಡುಕುವುದು ಈ ಸಂಖ್ಯೆ ಹಿಡಿದು.

ವೃತ್ತದ ಬಣ್ಣವೂ ಮಾತಾಡುತ್ತದೆ. ಬ್ರಿಟಿಷರ ವೃತ್ತದ ನಡುವೆ ಕೆಂಪು ಇರುತ್ತಿತ್ತು. ಜಪಾನಿನ ವಿಮಾನಗಳ ಗುರುತೂ ಕೆಂಪು ಸೂರ್ಯನೇ. ಬರ್ಮಾದ ಆಕಾಶದಲ್ಲಿ ಗುರುತು ತಪ್ಪಿ ತಮ್ಮವರೇ ತಮ್ಮವರ ಮೇಲೆ ಗುಂಡು ಹಾರಿಸಬಾರದೆಂದು ಭಾರತ, ಬರ್ಮಾಗಳಲ್ಲಿದ್ದ ವಿಮಾನಗಳಿಂದ ಕೆಂಪನ್ನು ತೆಗೆದರು. ಕಡುನೀಲಿಯ ಒಳಗೆ ತಿಳಿನೀಲಿ ಬಳಿದರು. ಹಾಗಾಗಿ ವೃತ್ತದ ನಡುವೆ ಕೆಂಪಿಲ್ಲದ ಬ್ರಿಟಿಷ್ ವಿಮಾನ ಕಂಡರೆ ಅದು ನಮ್ಮ ಕಡೆಯದಿರಬೇಕೆಂದು ಊಹಿಸಬಹುದು. ರೆಕ್ಕೆ ಮತ್ತು ಮೈಗೆ ಸುತ್ತಿದಂತೆ ಕಪ್ಪು ಬಿಳುಪಿನ ದಪ್ಪ ಪಟ್ಟೆಗಳಿದ್ದರೆ ಚಿತ್ರ 1944ರ ಜೂನಿನದು ಅಥವಾ ಅದರ ನಂತರದ್ದು. ನಾರ್ಮಂಡಿಯ ದಾಳಿಗೆ ಸ್ವಲ್ಪವೇ ಮೊದಲು ಅವನ್ನು ಅವಸರದಲ್ಲಿ ಬಳಿದಿದ್ದರು.

ಕಪ್ಪು ಬಿಳುಪಿನ ಫಿಲ್ಮ್ ಕೆಲವೊಮ್ಮೆ ಕಣ್ಣಿಗೆ ಮೋಸ ಮಾಡುತ್ತದೆ. ಆಗ ಬಳಕೆಯಲ್ಲಿದ್ದ ಒಂದು ಬಗೆಯ ಫಿಲ್ಮಿನಲ್ಲಿ ಹಳದಿ ಬಣ್ಣ ಕಪ್ಪಾಗಿ, ನೀಲಿ ಬಣ್ಣ ಬೆಳ್ಳಗೆ ಮೂಡುತ್ತಿತ್ತು. ದಾನಿಗಳ ಹೆಸರು ಬರೆದದ್ದು ಹಳದಿಯಲ್ಲಿ. ಅಂಥ ಫಿಲ್ಮಿನಲ್ಲಿ ತೆಗೆದರೆ ಆ ಹೆಸರು ವಿಮಾನದ ಗಾಢ ಬಣ್ಣದಲ್ಲಿ ಕರಗಿಹೋಗುತ್ತದೆ. ಇದರ ಮೇಲೆ ಸೆನ್ಸಾರ್‌ನವರ ಕೈಚಳಕ ಬೇರೆ. ರೇಡಾರ್ ಸಲಕರಣೆ, ಸ್ಕ್ವಾಡ್ರನ್ ಅಕ್ಷರ, ಹಿನ್ನೆಲೆಯ ಗುಡ್ಡ ಯಾವುದನ್ನು ಬೇಕಾದರೂ ಅವರು ಕೆರೆದು ಅಳಿಸುತ್ತಿದ್ದರು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿ ಈ ಅಧಿಕೃತ ಚಿತ್ರಗಳ ಭಾರಿ ಸಂಗ್ರಹವಿದೆ. ಚಿತ್ರದ ಸಂಖ್ಯೆ 'ಸಿಎಫ್' ಅಥವಾ 'ಸಿಐ' ಎಂದು ಶುರುವಾದರೆ ಅದು ಭಾರತ, ಬರ್ಮಾ ಕಡೆಯ ರಣರಂಗದ ಸಾಲಿಗೆ ಸೇರಿದ್ದು. ಚಾರ್ಲ್ಸ್ ಬ್ರೌನ್ ಎಂಬ ಹೆಸರಾಂತ ಛಾಯಾಗ್ರಾಹಕ ಇನ್ನೊಂದು ವಿಮಾನದಲ್ಲಿ ಕೂತು ಆಕಾಶದಲ್ಲೇ ತೆಗೆದ ಚಿತ್ರಗಳು ಲಂಡನ್ನಿನ ಹೆಂಡನ್‌ನಲ್ಲಿರುವ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್ಮಿನ ಆಸ್ತಿ.

ಮೈಸೂರು ಸ್ಕ್ವಾಡ್ರನ್ನಿನ ಅಕ್ಷರಗಳನ್ನು ಇಂದೂ ಬಣ್ಣದಲ್ಲಿ ನೋಡಬಹುದು. 'ಇಇ 602' ಎಂಬ ಸ್ಪಿಟ್‌ಫೈರ್ ದುರಸ್ತಿಯಾಗಿ 2015ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಹಾರಿತು. ಅದರ ಪಕ್ಕೆಯಲ್ಲಿ ಡಿವಿ ಅಕ್ಷರಗಳಿವೆ. ಆದರೆ ಅದಕ್ಕೆ ಹಣ ಕೊಟ್ಟವರು ಮೈಸೂರಿನವರಲ್ಲ, ದಕ್ಷಿಣ ಅಮೆರಿಕದ ಉರುಗ್ವೆಯ ರೈಲ್ವೆ ನೌಕರರು. ಅವರ ಹೆಸರೇ ಅದರ ಮೇಲಿದೆ. ಹಣ ಕೊಟ್ಟವರ ವಿಮಾನ ಅವರ ಹೆಸರಿನ ಸ್ಕ್ವಾಡ್ರನ್ನಿಗೇ ಹೋಗಬೇಕೆಂಬ ನಿಯಮವಿರಲಿಲ್ಲ. ಯುದ್ಧದಲ್ಲಿ ವಿಮಾನ ಎಲ್ಲಿ ಬೇಕೋ ಅಲ್ಲಿಗೆ ಹೋಗುತ್ತಿತ್ತು.

ಕಾಲುವೆಯ ಮೇಲೆ ಮೈಸೂರು

1941ರ ಆಗಸ್ಟಿನಲ್ಲಿ ಸ್ಕ್ವಾಡ್ರನ್ ದಕ್ಷಿಣ ಇಂಗ್ಲೆಂಡಿನ ವೆಸ್ಟ್‌ಹ್ಯಾಂಪ್ನೆಟ್‌ಗೆ ಬಂತು. ಅಲ್ಲಿಂದ ಕಾಲುವೆ ದಾಟಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಮೇಲೆ ದಾಳಿ, ಬಾಂಬರುಗಳಿಗೆ ಬೆಂಗಾವಲು, ಕರಾವಳಿಯ ಗಸ್ತು. 1942ರ ಆಗಸ್ಟಿನಲ್ಲಿ ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಅದು ಪಾಲ್ಗೊಂಡಿತು. ಬಳಿಕ ಕೆಲವು ತಿಂಗಳು ಸ್ಕಾಟ್ಲೆಂಡಿನಾಚೆಯ ಆರ್ಕ್ನಿ ದ್ವೀಪಗಳಲ್ಲಿ ಕಾವಲಿಗಿತ್ತು.

1944ರ ಏಪ್ರಿಲಿನಲ್ಲಿ ಸ್ಪಿಟ್‌ಫೈರ್ ಬಿಟ್ಟು ಅಮೆರಿಕದಲ್ಲಿ ತಯಾರಾದ ಮಸ್ಟಾಂಗ್ ಹತ್ತಿತು. ಸಸೆಕ್ಸ್‌ನ ಕೂಲ್‌ಹ್ಯಾಮ್ ಎಂಬಲ್ಲಿನ ತಾತ್ಕಾಲಿಕ ಮೈದಾನದಲ್ಲಿ ಅದರ ಜೊತೆಗಿದ್ದವು ಪೋಲೆಂಡಿನ ಪೈಲಟ್‌ಗಳ 306, 315ನೇ ಸ್ಕ್ವಾಡ್ರನ್ನುಗಳು. ತಾಯ್ನಾಡು ಕಳೆದುಕೊಂಡ ಪೋಲಿಷರ ನೆರೆಯಲ್ಲಿ, ಬ್ರಿಟಿಷರ ಮೈದಾನದಲ್ಲಿ, ಅಮೆರಿಕದ ವಿಮಾನಗಳೊಂದಿಗೆ ಮೈಸೂರಿನ ಹೆಸರು. ಆ ಯುದ್ಧ ಎಷ್ಟು ನಾಡುಗಳನ್ನು ಒಂದೆಡೆ ಎಳೆದು ತಂದಿತ್ತೆಂಬುದಕ್ಕೆ ಕೂಲ್‌ಹ್ಯಾಮ್ ಒಂದೇ ಸಾಕು.

ನಾರ್ಮಂಡಿಯ ದಾಳಿಯಾದ ಮೇಲೆ ಜರ್ಮನಿ ಲಂಡನ್ನಿನ ಮೇಲೆ ವಿ-1 ಎಂಬ ಪೈಲಟ್ ಇಲ್ಲದ ಹಾರುಬಾಂಬುಗಳನ್ನು ಬಿಡತೊಡಗಿತು. ಅವುಗಳ ವೇಗ ಗಂಟೆಗೆ ಸುಮಾರು 640 ಕಿಲೋಮೀಟರ್. ಅವನ್ನು ಬೆನ್ನಟ್ಟಿ ಹೊಡೆಯಬಲ್ಲ ವಿಮಾನಗಳು ಕೆಲವೇ ಇದ್ದವು. ಮಸ್ಟಾಂಗ್ ಅವುಗಳಲ್ಲಿ ಒಂದು. ಕೆಂಟ್‌ನ ಬ್ರೆನ್ಜೆಟ್ ಮೈದಾನದಿಂದ 129ನೇ ಸ್ಕ್ವಾಡ್ರನ್ ಆ ಬೇಸಿಗೆಯುದ್ದಕ್ಕೂ ಈ ಬೇಟೆಯಲ್ಲಿ ತೊಡಗಿತ್ತು. ಹತ್ತಿರ ಹೋಗಿ ಹೊಡೆದರೆ ಬಾಂಬು ಮುಖದೆದುರೇ ಸಿಡಿಯುವ ಭಯ, ದೂರದಿಂದ ಹೊಡೆದರೆ ಗುರಿ ತಪ್ಪುವ ಭಯ. ಯುದ್ಧ ಮುಗಿದ ಮೇಲೆ ಕೆಲಕಾಲ ನಾರ್ವೆಯಲ್ಲಿದ್ದು ಹಿಂದಿರುಗಿದ ಸ್ಕ್ವಾಡ್ರನ್ 1946ರ ಸೆಪ್ಟೆಂಬರಿನಲ್ಲಿ ಸಂಖ್ಯೆ ಕಳೆದುಕೊಂಡು 257ನೇ ಸ್ಕ್ವಾಡ್ರನ್ ಆಯಿತು.

ಅದೇ ತಾಲ್ಲೂಕಿನ ಇನ್ನೊಂದು ಚಿತ್ರ

ಇಷ್ಟಕ್ಕೇ ಎದೆಯುಬ್ಬಿಸಿಕೊಂಡರೆ ಕಥೆ ಅರ್ಧವೇ ಆಗುತ್ತದೆ. ಗಂಡಭೇರುಂಡ ಸ್ಪಿಟ್‌ಫೈರ್ ಏರಿ ಡಿಯೆಪ್ ಕಡೆ ಹಾರಿದ 1942ರ ಆಗಸ್ಟಿನಲ್ಲೇ ಇಲ್ಲಿ ಕ್ವಿಟ್ ಇಂಡಿಯಾ ಚಳವಳಿ ಹೊತ್ತಿಕೊಂಡಿತು. ಬಳ್ಳಿಗಾವಿ ಇರುವ ಶಿಕಾರಿಪುರ ತಾಲ್ಲೂಕಿನಲ್ಲೇ ಈಸೂರು ಇದೆ. ಅಲ್ಲಿನ ಜನ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಸೆಪ್ಟೆಂಬರಿನಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು. 1943ರ ಮಾರ್ಚಿನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಾರ್ಮಿಕರೂ ಚಳವಳಿಯ ದಿನಗಳಲ್ಲಿ ಮುಷ್ಕರ ಹೂಡಿದರು. ನ್ಯಾಯವನ್ನು ಕಾಪಾಡುತ್ತೇನೆಂಬುದು 129ನೇ ಸ್ಕ್ವಾಡ್ರನ್ನಿನ ಧ್ಯೇಯವಾಕ್ಯ. ಆ ನ್ಯಾಯದ ಲೆಕ್ಕದಲ್ಲಿ ಈಸೂರು ಬರಲಿಲ್ಲ. ಸಂಸ್ಥಾನದ ಬೊಕ್ಕಸ ಬ್ರಿಟಿಷರ ಯುದ್ಧಕ್ಕೆ ನೆರವಾಗುತ್ತಿದ್ದಾಗ ಸಂಸ್ಥಾನದ ಪ್ರಜೆಗಳೇ ಬ್ರಿಟಿಷರು ತೊಲಗಲಿ ಎನ್ನುತ್ತಿದ್ದರು. ಎರಡೂ ನಿಜ.

ಭದ್ರಾವತಿಯ ಕಾರ್ಖಾನೆಯ ಕಥೆಯೂ ಈ ಕಾಲದೊಂದಿಗೆ ಹೆಣೆದುಕೊಂಡಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಮಲೆನಾಡಿನ ಸೌದೆಯ ಇದ್ದಿಲಿನಿಂದ ಕುಲುಮೆ ಉರಿಯಿತು, ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. 1936ರ ಹೊತ್ತಿಗೆ ಉಕ್ಕು ತಯಾರಾಗತೊಡಗಿತು. 1942ರಲ್ಲಿ ಫೆರೊ ಸಿಲಿಕಾನ್ ಘಟಕ ಸೇರಿಕೊಂಡಿತು. ಉಕ್ಕು ಕರಗಿಸುವಾಗ ಅದರೊಳಗಿನ ಆಮ್ಲಜನಕವನ್ನು ತೆಗೆಯಲು ಈ ಮಿಶ್ರಲೋಹ ಬೇಕು. ಯುದ್ಧದ ದಿನಗಳಲ್ಲಿ ಹೊರದೇಶದಿಂದ ಅದನ್ನು ತರಿಸುವುದು ಸುಲಭವಿರಲಿಲ್ಲ. ಇತ್ತ ಶಿವಮೊಗ್ಗದ ಸುತ್ತಲ ಕಾಡು ಸೈನಿಕರ ಪಾಠಶಾಲೆಯಾಯಿತು. ಬರ್ಮಾದಲ್ಲಿ ಜಪಾನೀಯರಿಂದ ಸೋತು ಬಂದ ಸೇನೆಗೆ ಕಾಡಿನೊಳಗೆ ಕಾದುವುದನ್ನು ಕಲಿಸಲು ಇಲ್ಲಿ ತರಬೇತಿ ಶಾಲೆ ನಡೆಯಿತು.

ಮೂರು ದೇಶ ಸುತ್ತಿದ ನಿಜಾಮರ ವಿಮಾನ

ವಿಮಾನ ದಾನದ ಪದ್ಧತಿ ಮೊದಲ ಮಹಾಯುದ್ಧದಲ್ಲೇ ಇತ್ತು. ಹೈದರಾಬಾದಿನ ನಿಜಾಮರು ಕೊಟ್ಟ ಹಣದಿಂದ 110ನೇ ಸ್ಕ್ವಾಡ್ರನ್ನಿಗೆ ಡಿಎಚ್-9ಎ ಎಂಬ ಬಾಂಬರುಗಳು ಬಂದವು. ಅವುಗಳಲ್ಲಿ 'ಎಫ್ 1010' ಎಂಬುದು 1918ರ ಅಕ್ಟೋಬರಿನಲ್ಲಿ ಜರ್ಮನರ ಕೈಗೆ ಸಿಕ್ಕಿತು. ಅವರು ಅದನ್ನು ಬರ್ಲಿನ್ನಿನ ವಿಮಾನ ಸಂಗ್ರಹಾಲಯದಲ್ಲಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬೀಳತೊಡಗಿದಾಗ ಅದನ್ನು ಪೋಲೆಂಡಿಗೆ ಸಾಗಿಸಿದರು. ಅಲ್ಲಿನ ಕ್ರಾಕೊ ನಗರದಲ್ಲಿ ಉಳಿದಿದ್ದ ಅದನ್ನು 1977ರಲ್ಲಿ ಬ್ರಿಟನ್ ಒಂದು ಸ್ಪಿಟ್‌ಫೈರ್ ಕೊಟ್ಟು ಬದಲಿಗೆ ಪಡೆಯಿತು. ನಿಜಾಮರ ಕೊಡುಗೆ ಎಂಬ ಬರಹ ಹೊತ್ತ ಆ ವಿಮಾನ ಹೆಂಡನ್‌ನ ಮ್ಯೂಸಿಯಮ್ಮಿಗೆ ಸೇರಿತು. ಕಲಬುರಗಿ, ರಾಯಚೂರಿನ ರೈತರು ಕಟ್ಟಿದ ಕಂದಾಯವೂ ಸೇರಿದ್ದ ಬೊಕ್ಕಸ ನಿಜಾಮರದು.

ಹೈದರಾಬಾದಿನ ಹೆಸರಿನ 152ನೇ ಸ್ಕ್ವಾಡ್ರನ್ ಮುಂದೆ ಬರ್ಮಾ ಗಡಿಗೂ ಬಂತು. ಅದರ ಲಾಂಛನದಲ್ಲಿರುವುದು ನಿಜಾಮರ ಶಿರೋವೇಷ. ಅದರ ಸ್ಪಿಟ್‌ಫೈರ್‌ಗಳ ಪಕ್ಕೆಯ ನೀಲಿ ವೃತ್ತದೊಳಗಿಂದ ಕರಿಚಿರತೆಯೊಂದು ನೆಗೆಯುವಂತೆ ಬಣ್ಣ ಬಳಿದಿದ್ದರು. ಪೂರ್ವರಂಗದ ವಿಮಾನ ಚಿತ್ರಗಳಲ್ಲಿ ಅಷ್ಟು ಬೇಗ ಗುರುತು ಹತ್ತುವ ವಿಮಾನ ಇನ್ನೊಂದಿಲ್ಲ.

ನೀರಿಗಿಳಿಯುವ ವಿಮಾನಗಳು

ಹಳೆಯ ಆಲ್ಬಮ್ಮುಗಳಲ್ಲಿ ಮಕ್ಕಳೂ ದೊಡ್ಡವರೂ ಬೆರಗಾಗಿ ನೋಡುವುದು ಫ್ಲೈಯಿಂಗ್ ಬೋಟ್‌ಗಳನ್ನು. ಇವು ಗಾಲಿಯ ಬದಲು ದೋಣಿ ಕಟ್ಟಿದ ವಿಮಾನಗಳಲ್ಲ. ವಿಮಾನದ ಮೈಯೇ ದೋಣಿ. ಹೊಟ್ಟೆಯ ಕೆಳಗೆ, ನಡುಭಾಗದಲ್ಲಿ ಒಂದು ಮೆಟ್ಟಿಲಿನಂಥ ಕಚ್ಚು ಇರುತ್ತದೆ. ನೀರಿನ ಮೇಲೆ ವೇಗವಾಗಿ ಓಡುವಾಗ ನೀರು ವಿಮಾನದ ತಳವನ್ನು ಹೀರಿ ಹಿಡಿದುಕೊಳ್ಳುತ್ತದೆ. ಕಚ್ಚಿನ ಹಿಂದೆ ಗಾಳಿ ನುಗ್ಗಿ ಆ ಹಿಡಿತವನ್ನು ಬಿಡಿಸುತ್ತದೆ, ವಿಮಾನ ಮೇಲೇಳುತ್ತದೆ. ರೆಕ್ಕೆ ವಾಲಿ ನೀರಿಗೆ ತಾಗದಂತೆ ರೆಕ್ಕೆಗಳಡಿಯಲ್ಲಿ ಒಂದೊಂದು ತೇಲುಬುಂಡೆ. ಅಲೆಯೇ ಇಲ್ಲದ ನಿಶ್ಚಲ ನೀರು ಇವಕ್ಕೆ ಅನುಕೂಲವೆಂದು ತೋರಬಹುದು. ಪೈಲಟ್‌ಗಳು ಹೆದರುತ್ತಿದ್ದುದು ಅದಕ್ಕೇ. ಕನ್ನಡಿಯಂತಾದ ನೀರಿನ ಮೇಲೆ ತಾವೆಷ್ಟು ಎತ್ತರದಲ್ಲಿದ್ದೇವೆಂದು ಕಣ್ಣಿಗೆ ಅಂದಾಜು ಸಿಗುವುದಿಲ್ಲ, ನೀರು ಬಿಟ್ಟು ಏಳುವುದೂ ಕಷ್ಟ. ಮೋಟಾರು ದೋಣಿ ಓಡಿಸಿ ನೀರು ಕಲಕುವುದೂ ಉಂಟಿತ್ತು.

1927ರ ಅಕ್ಟೋಬರಿನಲ್ಲಿ ನಾಲ್ಕು ಸೂಪರ್‌ಮರೀನ್ ಸೌತಾಂಪ್ಟನ್ ಹಾರುದೋಣಿಗಳು ಇಂಗ್ಲೆಂಡಿನ ಪ್ಲಿಮತ್‌ನಿಂದ ಹೊರಟು ಕರಾಚಿ, ಬೊಂಬಾಯಿ ಮೂಲಕ ಭಾರತದ ಕಡಲತೀರ ಬಳಸಿ ಸಿಂಗಪುರದತ್ತ ಹೋದವು. ವಿಮಾನ ನಿಲ್ದಾಣಗಳೇ ಇಲ್ಲದ ಕಾಲದಲ್ಲಿ ಸಮುದ್ರ, ಹೊಳೆ, ಕೆರೆಗಳೇ ಅವಕ್ಕೆ ನಿಲ್ದಾಣ. ಆ ಹಾರುದೋಣಿಯನ್ನು ವಿನ್ಯಾಸಗೊಳಿಸಿದವರು ಆರ್. ಜೆ. ಮಿಚೆಲ್. ಸ್ಪಿಟ್‌ಫೈರ್‌ನ ವಿನ್ಯಾಸವೂ ಅವರದೇ. ಸ್ಪಿಟ್‌ಫೈರ್ ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ಮರುವರ್ಷ ಮಿಚೆಲ್ ತೀರಿಕೊಂಡರು. ಒಂದು ಸೌತಾಂಪ್ಟನ್‌ನ ಮರದ ಒಡಲು ಬಹುಕಾಲ ಯಾರದೋ ದೋಣಿಮನೆಯಾಗಿದ್ದು, ಕಡೆಗೆ ದುರಸ್ತಿಗೊಂಡು ಹೆಂಡನ್‌ನಲ್ಲಿ ನೆಲೆಯಾಯಿತು.

1937ರ ಅಕ್ಟೋಬರಿನಲ್ಲಿ ಮೊದಲು ಹಾರಿದ ಶಾರ್ಟ್ ಸಂಡರ್‌ಲೆಂಡ್ ಇವುಗಳಲ್ಲೆಲ್ಲ ದೊಡ್ಡ ಹೆಸರು. ರೆಕ್ಕೆಗಳ ತುದಿಯಿಂದ ತುದಿಗೆ 34 ಮೀಟರಿಗೂ ಹೆಚ್ಚು, ನಾಲ್ಕು ಎಂಜಿನ್. ಹತ್ತಾರು ಗಂಟೆ ಸಮುದ್ರದ ಮೇಲೆ ಜಲಾಂತರ್ಗಾಮಿಗಳನ್ನು ಹುಡುಕುತ್ತ ಸುತ್ತಬೇಕಾದ್ದರಿಂದ ಒಳಗೆ ಮಲಗುವ ಮಂಚ, ಅಡುಗೆಯ ಒಲೆ ಕೂಡ ಇದ್ದವು. ಅದರ ಒಂದು ಸಾಹಸ ನಮ್ಮ ನೆರೆಯಲ್ಲೇ ನಡೆಯಿತು. 1944ರ ಜೂನಿನಲ್ಲಿ, ಮಳೆಗಾಲದ ನಡುವೆ, ಬರ್ಮಾದ ಜಪಾನೀ ಸೇನೆಯ ಹಿಂಬದಿಯಲ್ಲಿ ಸಿಲುಕಿದ್ದ ಬ್ರಿಟಿಷರ ಚಿಂಡಿಟ್ ಎಂಬ ಪಡೆಯ ಗಾಯಾಳುಗಳನ್ನು ಕರೆತರಬೇಕಿತ್ತು. ನೆಲದ ಮೇಲೆ ಇಳಿಯಲು ಜಾಗವಿರಲಿಲ್ಲ. 230ನೇ ಸ್ಕ್ವಾಡ್ರನ್ನಿನ ಎರಡು ಸಂಡರ್‌ಲೆಂಡ್‌ಗಳು ಅಸ್ಸಾಮಿನ ಬ್ರಹ್ಮಪುತ್ರದಿಂದ ಹಾರಿ ಬೆಟ್ಟಗಳ ನಡುವಿನ ಇಂಡಾಜಿ ಸರೋವರಕ್ಕೆ ಇಳಿದವು. ಮೋಡದೊಳಗೆ ದಾರಿ ಹುಡುಕುತ್ತ ಮತ್ತೆ ಮತ್ತೆ ಹೋಗಿ ಐನೂರಕ್ಕೂ ಹೆಚ್ಚು ಜನರನ್ನು ಹೊತ್ತು ತಂದವು. ಸಮುದ್ರಕ್ಕೆಂದು ಮಾಡಿದ ವಿಮಾನ ಕಾಡಿನ ನಡುವಿನ ಆಸ್ಪತ್ರೆಯಾಯಿತು.

ಬೆಳ್ಳಂದೂರು ಕೆರೆಗೆ ಬಂದ ಕ್ಯಾಟಲಿನಾ

ದಕ್ಷಿಣ ಭಾರತದ ಆಕಾಶದಲ್ಲಿ ಹೆಚ್ಚು ಕಂಡದ್ದು ಕ್ಯಾಟಲಿನಾ. ತಯಾರಿ ಅಮೆರಿಕದ್ದಾದರೂ ಬ್ರಿಟಿಷ್ ವಾಯುಪಡೆ ಅದನ್ನು ಧಾರಾಳವಾಗಿ ಬಳಸಿತು. ಮದರಾಸಿನ ಬಳಿಯ ರೆಡ್ ಹಿಲ್ಸ್ ಕೆರೆ, ಸಿಲೋನಿನ ಕೊಗ್ಗಲ ಸರೋವರ ಅವುಗಳ ನೆಲೆ. 1942ರ ಏಪ್ರಿಲ್ 4ರಂದು ಕೊಗ್ಗಲದಿಂದ ಹೊರಟ ಕ್ಯಾಟಲಿನಾ ಸಿಲೋನಿನ ದಕ್ಷಿಣಕ್ಕೆ ನೂರಾರು ಮೈಲಿ ದೂರದಲ್ಲಿ ಜಪಾನಿನ ನೌಕಾಪಡೆಯನ್ನು ಕಂಡಿತು. ಕೆನಡಾದ ಪೈಲಟ್ ಲಿಯೊನಾರ್ಡ್ ಬರ್ಚಲ್ ಮತ್ತು ಸಂಗಡಿಗರು ರೇಡಿಯೊದಲ್ಲಿ ಸುದ್ದಿ ಮುಟ್ಟಿಸುತ್ತಿದ್ದಂತೆ ಜಪಾನೀ ಜೀರೊ ವಿಮಾನಗಳು ಅದನ್ನು ಹೊಡೆದುರುಳಿಸಿದವು. ಒಂಬತ್ತು ಜನರಲ್ಲಿ ಆರು ಜನ ಬದುಕಿ ಸೆರೆಯಾದರು. ಮರುದಿನ ಕೊಲಂಬೊ ಮೇಲೆ ಬಾಂಬು ಬಿತ್ತು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಿತ್ತು.

ಈ ಕ್ಯಾಟಲಿನಾಗಳಿಗೆ ರಿಪೇರಿ ಎಲ್ಲಿ? ಉತ್ತರ ಬೆಂಗಳೂರಿನಲ್ಲಿದೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್‌ಎಎಲ್) ಸ್ಥಾಪಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲ ಅದು. ಮೈಸೂರು 25 ಲಕ್ಷ ರೂಪಾಯಿ ಬಂಡವಾಳ ಹಾಕಿತು, 700 ಎಕರೆ ಜಾಗ ಕೊಟ್ಟಿತು. ಅಮೆರಿಕದ ವಿಲಿಯಂ ಪಾಲಿ ಯಂತ್ರ, ತಂತ್ರಜ್ಞರನ್ನು ತಂದರು. ಯುದ್ಧ ಹತ್ತಿರ ಬಂದಂತೆ ಭಾರತ ಸರ್ಕಾರ ಅದನ್ನು ವಹಿಸಿಕೊಂಡಿತು. 1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ನಡೆಸತೊಡಗಿತು. ಹೊಸ ವಿಮಾನ ಕಟ್ಟುವುದಕ್ಕಿಂತ ಪೆಟ್ಟುತಿಂದ ವಿಮಾನಗಳನ್ನು ಮತ್ತೆ ಹಾರಿಸುವುದೇ ದೊಡ್ಡ ಕೆಲಸವಾಯಿತು. ಕ್ಯಾಟಲಿನಾಗಳು ಪಕ್ಕದ ಬೆಳ್ಳಂದೂರು ಕೆರೆಗೆ ಇಳಿದವು. ಅಲ್ಲಿಂದ ಅವನ್ನು ಗಾಲಿಯ ಮೇಲೆ ಕಾರ್ಖಾನೆಗೆ ಎಳೆದು ತರುತ್ತಿದ್ದರು. ನೊರೆ, ಬೆಂಕಿಗೆ ಸುದ್ದಿಯಾಗುವ ಇಂದಿನ ಬೆಳ್ಳಂದೂರನ್ನು ನೋಡಿದವರಿಗೆ ಇದನ್ನು ನಂಬುವುದು ಕಷ್ಟ.

ಯುದ್ಧ ಮುಗಿದ ಮೇಲೆ ಬ್ರಿಟಿಷರು ಬಿಟ್ಟುಹೋದ ಲಿಬರೇಟರ್ ಬಾಂಬರುಗಳು ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದವು. ಯಾರೂ ಮತ್ತೆ ಬಳಸಬಾರದೆಂದು ಅವನ್ನು ಬೇಕೆಂದೇ ಹಾಳುಮಾಡಿದ್ದರು. ಹಿಂದುಸ್ತಾನ್ ಏರ್‌ಕ್ರಾಫ್ಟ್‌ನವರು ಅವನ್ನು ಹಾರುವಷ್ಟು ಸರಿಮಾಡಿದರು. ಕ್ಯಾಪ್ಟನ್ ಜಮ್‌ಶೆಡ್ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ ಅವು ಭಾರತೀಯ ವಾಯುಪಡೆಯ ಬಾಂಬರುಗಳಾದವು. ಅವುಗಳಲ್ಲೊಂದನ್ನು ಭಾರತ 1974ರಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್ಮಿಗೆ ಕೊಟ್ಟಿತು. ಹಾಳುಮಾಡಿ ಬಿಟ್ಟುಹೋದವರ ದೇಶಕ್ಕೇ ಭಾರತೀಯರು ರಿಪೇರಿ ಮಾಡಿದ ವಿಮಾನ ಹಾರುತ್ತ ಹೋಯಿತು.

ಸ್ವಾತಂತ್ರ್ಯದ ನಂತರವೂ ಬ್ರಿಟಿಷ್ ವಿನ್ಯಾಸದ ನಂಟು ಬಹುಕಾಲ ಉಳಿಯಿತು. ಪ್ರೆಂಟಿಸ್, ವ್ಯಾಂಪೈರ್, ನ್ಯಾಟ್ ವಿಮಾನಗಳು ಬೆಂಗಳೂರಿನಲ್ಲೇ ತಯಾರಾದವು. ಪುಟ್ಟ ನ್ಯಾಟ್ 1965ರ ಯುದ್ಧದಲ್ಲಿ ಹೆಸರು ಮಾಡಿತು, ಮುಂದೆ ಅದನ್ನೇ ತಿದ್ದಿ ಅಜಿತ್ ಮಾಡಿದರು. ಅದೇ ಯುದ್ಧದಲ್ಲಿ ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ವಿಮಾನವೂ ಬ್ರಿಟಿಷ್ ವಿನ್ಯಾಸದ ಹಂಟರ್. ಸೆಪ್ಟೆಂಬರ್ 22ರಂದು ಅದು ಹೊಡೆತಕ್ಕೆ ಸಿಕ್ಕಿ ಅವರು ಪಾಕಿಸ್ತಾನದಲ್ಲಿ ಸೆರೆಯಾದರು. ತಮ್ಮ ಮಗನಿಗೆ ಬೇರೆ ಸೆರೆಯಾಳುಗಳಿಗಿಲ್ಲದ ವಿಶೇಷ ಸವಲತ್ತು ಬೇಡವೆಂದು ಕಾರ್ಯಪ್ಪ ನಿಂತದ್ದು ಕೊಡಗಿನಲ್ಲಿ ಈಗಲೂ ಮಾತಿಗೆ ಬರುವ ಪ್ರಸಂಗ.

ಸೋಗಾನೆಯ ಗೋಡೆಗೆ

ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬರಲು 2023 ಬೇಕಾಯಿತು. ಫೆಬ್ರವರಿ 27ರಂದು ಸೋಗಾನೆಯ ನಿಲ್ದಾಣದ ಉದ್ಘಾಟನೆಯಾಯಿತು, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಹಾರುದೋಣಿಗಳ ಕಾಲವಂತೂ ನಮ್ಮ ಜಿಲ್ಲೆಯನ್ನು ಮುಟ್ಟದೆ ಹೋಯಿತು. ಬ್ರಿಟಿಷ್ ವಾಯುಪಡೆ ಕಡೆಯ ಸಂಡರ್‌ಲೆಂಡ್‌ಗೆ ವಿದಾಯ ಹೇಳಿದ್ದು 1959ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿಕೊಂಡದ್ದು 1964ರಲ್ಲಿ.

ಈ ವಿಮಾನಗಳನ್ನು ಕಣ್ಣಾರೆ ಕಾಣಬಯಸುವವರು ದೂರ ಹೋಗಬೇಕಿಲ್ಲ. ಬೆಂಗಳೂರಿನ ಎಚ್‌ಎಎಲ್ ಪಾರಂಪರಿಕ ಕೇಂದ್ರದಲ್ಲಿ ಬ್ರಿಟಿಷ್ ಮೂಲದ ಕ್ಯಾನ್‌ಬೆರಾ, ಅಜಿತ್ ವಿಮಾನಗಳಿವೆ, ಹಳೆಯ ಚಿತ್ರಗಳೂ ಇವೆ. ದೆಹಲಿಗೆ ಹೋದವರು ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲಿ ಸ್ಪಿಟ್‌ಫೈರ್, ಹರಿಕೇನ್, ವಪಿಟಿ, ಲೈಸಾಂಡರ್‌ಗಳನ್ನು ನೋಡಬಹುದು.

ಮನೆಯಲ್ಲೂ ಹುಡುಕಬೇಕು. ಶಿವಮೊಗ್ಗ, ಭದ್ರಾವತಿಗಳ ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಯುದ್ಧಕಾಲದ ಚಿತ್ರಗಳು ಇರಬಹುದು. ಕಾರ್ಖಾನೆಯ ಗುಂಪು ಚಿತ್ರ, ಸೇನೆಗೆ ಹೋದ ಅಜ್ಜನದು, ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಚಿಕ್ಕಪ್ಪನದು. ಸಿಕ್ಕರೆ ಲ್ಯಾಮಿನೇಟ್ ಮಾಡಿಸಬೇಡಿ, ಬಿಸಿಗೂ ಅಂಟಿಗೂ ಹಳೆಯ ಚಿತ್ರ ಹಾಳಾಗುತ್ತದೆ. ಹಿಂಬದಿಯ ಬರಹ, ಸ್ಟುಡಿಯೊದ ಮೊಹರು ಕೂಡ ಚಿತ್ರದ ಭಾಗವೇ, ಎರಡೂ ಮಗ್ಗುಲನ್ನು ಸ್ಕ್ಯಾನ್ ಮಾಡಿಸಿ. ಚಿತ್ರದಲ್ಲಿರುವವರ ಹೆಸರು ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಬೇರೊಂದು ಹಾಳೆಯಲ್ಲಿ ಬರೆದಿಡಿ. ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯ, ಕೆಳದಿಯ ವಸ್ತುಸಂಗ್ರಹಾಲಯ ಇಂಥ ಚಿತ್ರಗಳ ಪ್ರತಿಗಳನ್ನು ಕೂಡಿಡುವ ಕೆಲಸಕ್ಕೆ ಮುಂದಾದರೆ ಒಳ್ಳೆಯದು.

ಸೋಗಾನೆಯ ನಿಲ್ದಾಣದ ಒಂದು ಗೋಡೆಯಲ್ಲಿ ಬಳ್ಳಿಗಾವಿಯ ಭೇರುಂಡ ಸ್ತಂಭದ ಚಿತ್ರ, ಅದರ ಪಕ್ಕದಲ್ಲಿ 129ನೇ ಸ್ಕ್ವಾಡ್ರನ್ನಿನ ಲಾಂಛನ, ಮೂರನೆಯದಾಗಿ ಈಸೂರಿನ ಹುತಾತ್ಮರ ಸ್ಮಾರಕದ ಚಿತ್ರ ಹಾಕಿ, ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ವಿವರ ಬರೆಸಬೇಕು. ದೊಡ್ಡ ಖರ್ಚಿನ ಕೆಲಸವೇನಲ್ಲ. ಜಿಲ್ಲಾಡಳಿತ ಮತ್ತು ನಿಲ್ದಾಣದ ಅಧಿಕಾರಿಗಳು ಮನಸ್ಸು ಮಾಡಲಿ.